ಎಳೆಯ ನಾಯಿಮರಿ ಹೊಸ್ತಿಲು ದಾಟುವುದು ಯಾವಾಗ?

ಪ್ರಶ್ನೆ: ಎರಡು ತಿಂಗಳ ನಾಯಿಮರಿಯೊಂದನ್ನು ತಂದಿದ್ದೇವೆ. ಮೊದಲ ಲಸಿಕೆ ಆಗಿದೆ. ಅದನ್ನು ಸಂಜೆ ನಾಲೆ ಏರಿಯ ಮೇಲೆ ಓಡಾಡಿಸಬೇಕೆಂದು ಮೊಮ್ಮಗಳು ಹಟ ಹಿಡಿದಿದ್ದಾಳೆ. ನೆರೆಮನೆಯವರು ನಾಲ್ಕು ತಿಂಗಳು ತುಂಬುವವರೆಗೆ ಹೊರಗೆ ಬಿಡಲೇಬೇಡಿ ಎನ್ನುತ್ತಾರೆ. ಯಾರ ಮಾತು ಸರಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮರಿ ಇಂದೇ ಹೊರಗೆ ಬರಲಿ, ಆದರೆ ನಿಮ್ಮ ತೋಳಿನಲ್ಲಿ. ಬೀದಿಯ ನೆಲಕ್ಕೆ ಅದರ ಕಾಲು ತಾಗುವುದು ಮಾತ್ರ ಸದ್ಯಕ್ಕೆ ಬೇಡ.

ನೆರೆಯವರ ಭಯಕ್ಕೆ ಕಾರಣವಿದೆ. ಪಾರ್ವೊ ಎಂಬ ವೈರಾಣು, ರೋಗ ತಗುಲಿದ ನಾಯಿಯ ಮಲದೊಡನೆ ಮಣ್ಣಿಗೆ ಸೇರಿ, ಮಲದ ಗುರುತು ಅಳಿಸಿಹೋದ ಮೇಲೂ ತಿಂಗಳುಗಟ್ಟಲೆ ಅಲ್ಲಿಯೇ ಉಳಿದಿರುತ್ತದೆ. ಅದರಿಂದ ವಾಂತಿ, ರಕ್ತಭೇದಿ ಹತ್ತಿದ ಎಳೆಯ ಮರಿ ಎರಡು ಮೂರು ದಿನಗಳಲ್ಲಿ ಕೈತಪ್ಪಿ ಹೋಗಬಹುದು. ಈ ವೈರಾಣು ಚಪ್ಪಲಿಗೆ ಅಂಟಿಕೊಂಡೂ ಬರುವುದರಿಂದ ಬಂದವರ ಚಪ್ಪಲಿ ಗೇಟಿನ ಬಳಿಯೇ ಇರಲಿ. ಒಂದು ಲಸಿಕೆ ಏಕೆ ಸಾಲದೆಂದರೆ, ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆಯೇ ಕೆಲವು ವಾರ ಲಸಿಕೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಅದು ಯಾವಾಗ ಕರಗುವುದೆಂದು ಹೊರಗಿನಿಂದ ತಿಳಿಯದ ಕಾರಣ, 2ರಿಂದ 4 ವಾರಗಳಿಗೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಲಸಿಕೆಯನ್ನು ಮುಂದುವರಿಸುತ್ತಾರೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಆದರೆ ಮೊಮ್ಮಗಳ ಹಟದಲ್ಲೂ ಹುರುಳಿದೆ. ಹೊಸದನ್ನು ಅಂಜದೆ ಒಪ್ಪಿಕೊಳ್ಳುವ ಗುಣ ಮರಿಯಲ್ಲಿ ಸುಮಾರು 3ರಿಂದ 14ನೆಯ ವಾರದವರೆಗೆ ಹೆಚ್ಚಾಗಿರುತ್ತದೆ. ಆ ದಿನಗಳನ್ನೆಲ್ಲ ನಾಲ್ಕು ಗೋಡೆಗಳ ನಡುವೆ ಕಳೆದ ಮರಿ ಮುಂದೆ ಹೆಲ್ಮೆಟ್ ಧರಿಸಿದವರನ್ನು ಕಂಡರೂ ಬೆದರುವ, ಬೆದರಿ ಕಚ್ಚುವ ನಾಯಿಯಾಗಬಹುದು. ಅದನ್ನು ತಿದ್ದುವುದು ಬಹಳ ಕಷ್ಟ.

ಆದ್ದರಿಂದ ಸಂಜೆ ಜಗಲಿಯ ಮೇಲೆ ಮೊಮ್ಮಗಳ ತೊಡೆಗೆ ಹಳೆಯ ಟವೆಲ್ ಹಾಸಿ ಮರಿಯನ್ನು ಕೂರಿಸಿ. ಕಬ್ಬು ಹೇರಿದ ಟ್ರ್ಯಾಕ್ಟರ್ ಹಾದುಹೋಗುವಾಗ ಅದರ ಕಿವಿಯನ್ನು ಗಮನಿಸಿ. ಕಿವಿ ನಿಮಿರಿಸಿ ನೋಡಿದರೆ ಬೇಯಿಸಿದ ಮೊಟ್ಟೆಯ ಚೂರೊಂದನ್ನು ಕೊಡಿ. ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ಹೊಟ್ಟೆಯಡಿ ಸೇರಿಸಿ, ಮತ್ತೆ ಮತ್ತೆ ತುಟಿ ನೆಕ್ಕಿಕೊಂಡರೆ ಅದು ಹೆದರಿದೆಯೆಂದು ತಿಳಿದು ಕೂಡಲೇ ಒಳಗೆ ಕರೆದೊಯ್ಯಿರಿ. ಇಂದು ಬಲವಂತ ಮಾಡಿದರೆ ನಾಳೆಯ ಧೈರ್ಯವೂ ಹೋಗುತ್ತದೆ. ಲಸಿಕೆಗಳೆಲ್ಲ ಆಗಿರುವ, ಆರೋಗ್ಯವಂತ ನಾಯಿ ಬಂಧುಗಳ ಮನೆಯಲ್ಲಿದ್ದರೆ ಅದರೊಡನೆ ಆಡಲು ಬಿಡಬಹುದು.

ನಾಲೆ ಏರಿಗೆ ಕೊನೆಯ ಲಸಿಕೆಯಾಗಿ ಎರಡು ವಾರ ಕಳೆದ ಮೇಲೆ, ಬೆಲ್ಟ್ ಹಾಕಿ, ಮೊದಮೊದಲು ಹತ್ತು ನಿಮಿಷ ಮಾತ್ರ ಕರೆದೊಯ್ಯಿರಿ. ಗದ್ದೆ ಬದಿಯಲ್ಲಿ ನಿಂತ ನೀರನ್ನು ಕುಡಿಯಲು ಬಿಡಬೇಡಿ, ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಅದು ಮನೆಮಂದಿಗೂ ತಗಲುವ ರೋಗ. ಹಿಂದಿರುಗಿದ ಮೇಲೆ ಕಿವಿಯ ಮಡಿಕೆ, ಕಾಲ್ಬೆರಳ ಸಂದುಗಳಲ್ಲಿ ಉಣ್ಣೆ ಹತ್ತಿದೆಯೇ ಎಂದು ಮೊಮ್ಮಗಳೇ ಹುಡುಕಿ ತೋರಿಸಲಿ. ಕೀಳುವ ಕೆಲಸ ನಿಮಗಿರಲಿ.