ಬಣ್ಣಕ್ಕೆ ಮುನ್ನ ಯಂತ್ರದ ಜಾತಕ

ಪ್ರಶ್ನೆ: ಕಾಂಕ್ರೀಟ್ ಸಾಗಿಸುವ ಲಾರಿಯ ಹಳೆಯ ಡ್ರಮ್ಮೊಂದು ನಮ್ಮ ಬಳಗಕ್ಕೆ ಪುಕ್ಕಟೆಯಾಗಿ ಸಿಕ್ಕಿದೆ. ರಸ್ತೆ ಬದಿಯಲ್ಲಿ ನಿಲ್ಲಿಸಿ, ಎಲ್ಲರೂ ಸೇರಿ ಚಿತ್ರ ಬಿಡಿಸುವ ಆಸೆ. ಎಲ್ಲಿಂದ ಶುರು ಮಾಡಬೇಕು?

ಟಾರ್ಚ್ ಹಿಡಿದು ಅದರ ಬಾಯೊಳಗೆ ಇಣುಕುವುದರಿಂದ. ಒಳಗೆ ಗಟ್ಟಿಯಾದ ಕಾಂಕ್ರೀಟ್ ಎಷ್ಟಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಉಕ್ಕಿನ ತಗಡು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. 4 ಮಿ.ಮೀ. ದಪ್ಪದ ತಗಡು 25 ಚದರ ಮೀಟರ್ ಇದ್ದರೆ 785 ಕೆ.ಜಿ.; ಒಳಗಿನ ಸುರುಳಿ ರೆಕ್ಕೆಗಳ ತೂಕ ಬೇರೆ. ಅರ್ಧ ಘನ ಮೀಟರ್ ಕಾಂಕ್ರೀಟ್ ಉಳಿದಿದ್ದರೆ ಇನ್ನೂ 1,200 ಕೆ.ಜಿ. ಸೇರಿತು, ಅದೂ ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ. ಕ್ರೇನ್ ಎತ್ತಿದೊಡನೆ ಡ್ರಮ್ ಗಿರಕ್ಕನೆ ಹೊರಳುವುದು ಇದಕ್ಕೇ.

ಅದನ್ನು ಒಡೆದು ತೆಗೆಯಲು ಯಾರನ್ನೂ ಒಳಗೆ ಇಳಿಸಬೇಡಿ. ಇಕ್ಕಟ್ಟಾದ ಜಾಗದಲ್ಲಿ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಭಾರವಿರುವ ಮಗ್ಗುಲನ್ನೇ ಕೆಳಗೆ ಮಾಡಿ ಕೂರಿಸಿದರೆ ಅದೇ ನಿಮಗೆ ಪುಕ್ಕಟೆ ತಳಭಾರ.

ಅಷ್ಟಿದ್ದರೆ ಸಾಲದು, ಗಾಳಿಯ ಲೆಕ್ಕವೂ ಬೇಕು. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂಬುದು ಸಿಗುತ್ತದೆ. 40 ಮೀಟರ್ ವೇಗಕ್ಕೆ 960 ನ್ಯೂಟನ್, ಅಂದರೆ ಸುಮಾರು 98 ಕೆ.ಜಿ. ಭಾರ. 6 ಚದರ ಮೀಟರ್ ಮೈಗೆ ಸುಮಾರು 590 ಕೆ.ಜಿ.ಯಷ್ಟು ನೂಕು. ಡ್ರಮ್ಮನ್ನು ಕಂಬದ ಮೇಲೆ ಎತ್ತರಿಸಿದಷ್ಟೂ ಬುಡದ ಬೋಲ್ಟುಗಳ ಮೇಲಿನ ಎಳೆತ ಹೆಚ್ಚುತ್ತದೆ. ಆದ್ದರಿಂದ ಪಾಯದ ನಕ್ಷೆ ಎಂಜಿನಿಯರಿಂದಲೇ ಆಗಲಿ. ಅಗೆಯುವ ಮುನ್ನ ನೆಲದಡಿ ಕೇಬಲ್, ಪೈಪು ಇವೆಯೇ ಎಂದು ಕೇಳಿ ತಿಳಿಯಿರಿ.

ಅತ್ಯಂತ ತಗ್ಗಿನ ಜಾಗದಲ್ಲಿ 25 ಮಿ.ಮೀ. ರಂಧ್ರ ಕೊರೆಯದಿದ್ದರೆ ನೀರು ನಿಂತು ಒಳಗಿನಿಂದ ತಿನ್ನುತ್ತದೆ. ಬಾಯಿಗೆ ಗಟ್ಟಿ ಜಾಲರಿ ಬೆಸೆಯಿರಿ. ಮಕ್ಕಳು ನುಗ್ಗುವ ಮೊದಲ ಜಾಗವೇ ಅದು. ಇನ್ನು ಸ್ಥಳ: ತಿರುವಿನ ಹೊರಮಗ್ಗುಲು ಬೇಡ, ಕೂಡುರಸ್ತೆಯಲ್ಲಿ ನೋಟಕ್ಕೆ ಅಡ್ಡ ಬರುವುದೂ ಬೇಡ. ವೇಗದ ರಸ್ತೆಗಳಲ್ಲಿ, ದಾರಿ ತಪ್ಪಿದ ವಾಹನಕ್ಕೆಂದು ಅಂಚಿನಿಂದ ಸುಮಾರು 9 ಮೀಟರ್ ಖಾಲಿ ಬಿಡುವ ರೂಢಿ ಇದೆ. ರಸ್ತೆಯ ಹೊಣೆ ಹೊತ್ತವರ ಲಿಖಿತ ಒಪ್ಪಿಗೆ ಸಿಕ್ಕಮೇಲೆಯೇ ಕ್ರೇನ್ ಕರೆಸಿ.

ಪ್ರಶ್ನೆ: ಕಾರ್ಖಾನೆಯ ಹಳೆಯ ಜಿಐ (ಸತು ಲೇಪಿಸಿದ ತಗಡು) ಗಾಳಿಕೊಳವೆಗಳಿಂದ ದೊಡ್ಡ ಮೀನೊಂದನ್ನು ಮಾಡಿ ಎನಾಮೆಲ್ ಹೊಡೆದೆವು. ವರ್ಷದೊಳಗೆ ಬಣ್ಣ ಹಾಳೆ ಹಾಳೆಯಾಗಿ ಎದ್ದಿದೆ. ಕೆಳಗೆ ತುಕ್ಕಂತೂ ಇಲ್ಲ. ಕಳಪೆ ಪೇಂಟೇ?

ಪೇಂಟನ್ನು ಬೈಯಬೇಡಿ. ಕೆಳಗೆ ತುಕ್ಕಿಲ್ಲ ಎಂದಿರಲ್ಲ, ಸುಳಿವು ಅಲ್ಲೇ ಇದೆ. ಮಾಮೂಲಿ ಎನಾಮೆಲ್ ಆಲ್ಕಿಡ್ ಜಾತಿಯದು, ಅದರಲ್ಲಿ ಎಣ್ಣೆಯ ಅಂಶವಿರುತ್ತದೆ. ಜಿಐ ಮೇಲಿನ ಸತು, ತೇವದ ಜೊತೆ ಸೇರಿ ಆ ಎಣ್ಣೆಯನ್ನು ಸಾಬೂನು ಮಾಡಿಬಿಡುತ್ತದೆ. ಸಾಬೂನಿನ ಮೇಲೆ ಯಾವ ಬಣ್ಣ ತಾನೇ ನಿಂತೀತು? ಅದರ ಮೇಲೆಯೇ ಇನ್ನೊಂದು ಕೋಟು ಹೊಡೆದರೆ ಅದೂ ಜೊತೆಯಲ್ಲೇ ಕಿತ್ತು ಬರುತ್ತದೆ.

ಪೂರ್ತಿ ಕೆರೆದು ತೆಗೆಯಿರಿ. ಡಿಟರ್ಜೆಂಟ್ ನೀರಿನಿಂದ ಜಿಡ್ಡು ತೊಳೆದು, ಒಣಗಿದ ಮೇಲೆ ಉಜ್ಜುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಸತುವಿನ ಪದರ ಕಿತ್ತುಬರಬಾರದು. ಆಮೇಲೆ ಜಿಐಗೆ ಒಗ್ಗುತ್ತದೆಂದು ಡಬ್ಬಿಯ ಮೇಲೆಯೇ ಬರೆದಿರುವ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರೆಥೇನ್ ಪೇಂಟ್. ಎಪಾಕ್ಸಿಯನ್ನೇ ಮೇಲ್ಪದರವಾಗಿ ಬಿಟ್ಟರೆ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತದೆ. ತಗಡಿನ ಚೂಪು ಅಂಚುಗಳಲ್ಲಿ ಬಣ್ಣ ತಾನಾಗಿಯೇ ತೆಳುವಾಗುವುದರಿಂದ, ಅಂಚನ್ನು ಅರದಿಂದ ದುಂಡಗೆ ಮಾಡಿ ಅಲ್ಲಿಗೆ ಬ್ರಷ್‌ನಲ್ಲಿ ಒಂದು ಕೋಟು ಹೆಚ್ಚಿಗೆ ಎಳೆಯಿರಿ. ಗಾಳಿಯ ತೇವಾಂಶ ಶೇ. 85 ದಾಟಿದ ದಿನ ಡಬ್ಬಿ ತೆರೆಯಲೇಬೇಡಿ. ಮೀನಿಗೆ ಹೊಸ ತುಂಡು ಬೆಸೆಯುವುದಿದ್ದರೆ ಆ ಜಾಗದ ಸತುವನ್ನು ಮೊದಲು ಗ್ರೈಂಡರ್‌ನಿಂದ ತೆಗೆಯಿರಿ. ಸುಟ್ಟ ಸತುವಿನ ಹೊಗೆ ಕುಡಿದವರಿಗೆ ಅಂದೇ ಚಳಿಜ್ವರ ಬರುವುದುಂಟು.

ಪ್ರಶ್ನೆ: ಗುಜರಿಯಲ್ಲಿ ಯಾವುದನ್ನು ಮುಟ್ಟಲೇಬಾರದು?

ಮುಚ್ಚಿದ ಟ್ಯಾಂಕು, ಪೀಪಾಯಿಗಳಿಗೆ ಗ್ಯಾಸ್ ಕಟ್ಟರ್ ಹಿಡಿಯಬೇಡಿ. ‘ಖಾಲಿ’ ಎನ್ನುವ ಪೀಪಾಯಿಯಲ್ಲಿ ಉಳಿದಿರುವ ಆವಿಯೇ ಸಿಡಿಯಲು ಸಾಕು; ತುಂಬಿದ್ದಕ್ಕಿಂತ ಖಾಲಿಯದೇ ಹೆಚ್ಚು ಅಪಾಯ. ಹಳೆಯ ಬಾಯ್ಲರಿನ ಬಿಳಿ ಹೊದಿಕೆ ಆಸ್ಬೆಸ್ಟಾಸ್ ಇರಬಹುದು. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ಇರಬಹುದು. ಹಳೆಯ ಪೇಂಟಿನಲ್ಲಿ ಸೀಸ ಸಾಮಾನ್ಯ, ಹಾಗಾಗಿ ಪರೀಕ್ಷಿಸದೆ ಒಣ ಉಜ್ಜುವುದು ಬೇಡ. ಹೈಡ್ರಾಲಿಕ್ ಅಕ್ಯುಮ್ಯುಲೇಟರಿನಲ್ಲಿ (ಎಣ್ಣೆಯ ಒತ್ತಡ ಕೂಡಿಡುವ ಉರುಳೆ) ಯಂತ್ರ ನಿಂತು ವರ್ಷಗಳಾದರೂ ನೈಟ್ರೋಜನ್ ಒತ್ತಡ ಉಳಿದಿರುತ್ತದೆ.

ಮೂರು ದಳದ ವಿಕಿರಣ ಚಿಹ್ನೆ ಕಂಡರೆ, ಅಥವಾ ಗಾತ್ರಕ್ಕೆ ಮೀರಿ ಭಾರವಾದ ಸೀಸದ ಡಬ್ಬಿ ಕಂಡರೆ, ದೂರ ಸರಿದು ಅಧಿಕಾರಿಗಳಿಗೆ ತಿಳಿಸಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಇದ್ದ ಹಳೆಯ ಉಪಕರಣ ಬಿಚ್ಚಿ ಒಬ್ಬರು ಜೀವ ಕಳೆದುಕೊಂಡರು.

ಪ್ರಶ್ನೆ: ದೊಡ್ಡ ಗೇರ್ ಚಕ್ರಗಳನ್ನು ಮಕ್ಕಳು ಕೈಯಲ್ಲಿ ತಿರುಗಿಸುವಂತೆ ಮಾಡಬಹುದೇ?

ಬೇಡ. ಹಲ್ಲಿಗೆ ಹಲ್ಲು ಕೂಡುವಲ್ಲಿ ಬೆರಳು ಸಿಕ್ಕರೆ ಹೋಯಿತು. ಹಲ್ಲುಗಳನ್ನು ಬೆಸೆದು ಅಲುಗದಂತೆ ಮಾಡಿ. ನಿಂತ ಚಕ್ರದಲ್ಲೂ 89ರಿಂದ 230 ಮಿ.ಮೀ. ನಡುವಿನ ಸಂದು ಮಗುವಿನ ತಲೆಗೆ, 8ರಿಂದ 25 ಮಿ.ಮೀ. ರಂಧ್ರ ಬೆರಳಿಗೆ ಬೋನು. ಆಟದ ಮೈದಾನದ ಸಲಕರಣೆಗಳಿಗೆ ಅನ್ವಯಿಸುವ ಅಳತೆ ಇದು.

ಪ್ರಶ್ನೆ: ತುಕ್ಕಿನ ಬಣ್ಣವೇ ಚೆಂದ. ಹಾಗೆಯೇ ಬಿಟ್ಟರೆ?

ದಪ್ಪ ಎರಕದ ಕಬ್ಬಿಣವಾದರೆ ಧಾರಾಳವಾಗಿ ಬಿಡಿ. ತೆಳು ತಗಡಾದರೆ ತೂತು ಬೀಳುತ್ತದೆ. ಕಾರ್ಟೆನ್ ಎಂಬ ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ ಬೆರೆತಿರುವುದರಿಂದ ಅದರ ತುಕ್ಕು ಬಿಗಿಯಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಸಾಮಾನ್ಯ ಉಕ್ಕಿನದು ಹಕ್ಕಳೆಯಾಗಿ ಉದುರುತ್ತಲೇ ಇರುತ್ತದೆ. ಯಾವುದಾದರೂ ಸರಿ, ಮೊದಲ ಕೆಲವು ಮಳೆಗೆ ಕಂದು ನೀರು ಸುರಿಸುವುದು ಖಂಡಿತ. ಕೆಳಗೆ ಬಿಳಿ ಕಲ್ಲು ಹಾಸದೆ ಜಲ್ಲಿ ಹರಡಿ.