ಗ್ಲೊರಾಂತಾ ಪೂರ್ತಿ ಓದಿ ಮುಗಿಸಿದ ಮೇಲೆಯೇ ರೂನ್‌ಕ್ವೆಸ್ಟ್ ಆಡಿಸಬೇಕೇ?

ರೂನ್‌ಕ್ವೆಸ್ಟ್ ಎಂದರೆ ಮೇಜಿನ ಸುತ್ತ ಕೂತು, ಒಬ್ಬರು ಕಥೆ ನಡೆಸುತ್ತ, ಉಳಿದವರು ಒಂದೊಂದು ಪಾತ್ರ ವಹಿಸಿ ದಾಳ ಹಾಕುತ್ತ ಆಡುವ ಆಟ; ಅದು ನಡೆಯುವ ಕಾಲ್ಪನಿಕ ಲೋಕವೇ ಗ್ಲೊರಾಂತಾ. ಆ ಲೋಕದ ಬಗ್ಗೆ ಆರು ತಿಂಗಳಿಂದ ಓದುತ್ತಿದ್ದರೂ ಮೊದಲ ಸೆಷನ್‌ಗೆ ಗೆಳೆಯರನ್ನು ಕರೆಯುವ ಧೈರ್ಯ ಬಂದಿಲ್ಲ ಎಂದು ಬರೆದಿದ್ದೀರಿ. ಇನ್ನೂ ಎಷ್ಟು ಓದಬೇಕು, ಇಲ್ಲವೇ ಅಲ್ಲಿನ ಬಿರುಗಾಳಿಯ ದೇವರು ಓರ್ಲಾಂತ್‌ನನ್ನು ಇಂದ್ರನೆಂದೂ ಎರ್ನಾಲ್ಡಾಳನ್ನು ಭೂದೇವಿಯೆಂದೂ ಬದಲಾಯಿಸಿಕೊಂಡರೆ ಸುಲಭವಾಗುತ್ತದೆಯೇ ಎಂದು ಕೇಳಿದ್ದೀರಿ. 2019ರಲ್ಲಿ ನಾನು ಇದೇ ಸ್ಥಿತಿಯಲ್ಲಿದ್ದೆ. ನಾನು ಎಲ್ಲವನ್ನೂ ಓದಿ ಮುಗಿಸಿಯೇ ಆಟ ಆರಂಭಿಸಿದೆ, ಮತ್ತು ಆ ಓದಿನ ಕಾರಣದಿಂದಲೇ ಆ ಆಟ ನಿಂತುಹೋಯಿತು.

ಹಿಂದಿನ ವರ್ಷವಷ್ಟೇ, ಅಂದರೆ 2018ರಲ್ಲಿ, ರೂನ್‌ಕ್ವೆಸ್ಟ್‌ನ ಹೊಸ ಆವೃತ್ತಿ ಹೊರಬಂದಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗ್ಲೊರಾಂತಾದ ಸೃಷ್ಟಿಕರ್ತ ಗ್ರೆಗ್ ಸ್ಟಾಫರ್ಡ್ ತೀರಿಕೊಂಡಿದ್ದರು. 1966ರಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಬರೆಯತೊಡಗಿದ ಲೋಕವನ್ನು ಅವರು ಜೀವಮಾನವಿಡೀ ಬೆಳೆಸುತ್ತ ಬಂದರು. 1975ರಲ್ಲಿ ಕೇಯಾಸಿಯಂ ಸಂಸ್ಥೆಯನ್ನು ಕಟ್ಟಿದ್ದೂ ಆ ಲೋಕದ ಮೊದಲ ಬೋರ್ಡ್ ಆಟವನ್ನು ಪ್ರಕಟಿಸುವುದಕ್ಕಾಗಿಯೇ. ರೂನ್‌ಕ್ವೆಸ್ಟ್ ಬಂದದ್ದು 1978ರಲ್ಲಿ. ಇಷ್ಟು ವರ್ಷ ಒಬ್ಬರು ಇಷ್ಟು ಶ್ರದ್ಧೆಯಿಂದ ಕಟ್ಟಿದ ಲೋಕವನ್ನು ಒಂದು ಅಕ್ಷರವೂ ತಪ್ಪದಂತೆ ಮೇಜಿಗೆ ತರುವುದೇ ಅವರಿಗೆ ಸಲ್ಲಿಸುವ ಗೌರವವೆಂದು ನಾನು ನಂಬಿದ್ದೆ. ಗ್ಲೊರಾಂತಾವನ್ನು ವಿವರಿಸುವ, ಸುಮಾರು 800 ಪುಟಗಳ ಎರಡು ಸಂಪುಟದ ಕೈಪಿಡಿಯನ್ನು ಗುರುತು ಹಾಕಿಕೊಂಡು ಓದಿದೆ. ವರ್ಷಕ್ಕೆ 294 ದಿನ, ಎಂಟು ವಾರಗಳ ಐದು ಋತುಗಳು, ಕೊನೆಯಲ್ಲಿ ಹದಿನಾಲ್ಕು ದಿನಗಳ ಪವಿತ್ರ ಕಾಲ ಎಂಬುದೆಲ್ಲ ನಮ್ಮ ಪಂಚಾಂಗಕ್ಕಿಂತ ಚೆನ್ನಾಗಿ ನನ್ನ ಬಾಯಿಗೆ ಬರುತ್ತಿತ್ತು.

ಬೆಂಗಳೂರಿನ ಹನುಮಂತನಗರದಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಹದಿನೈದು ದಿನಕ್ಕೊಂದು ಭಾನುವಾರ ನಾಲ್ವರು ಆಟಗಾರರು ಸೇರುತ್ತಿದ್ದರು. ಅವರಲ್ಲಿ ಒಬ್ಬಳು ತೀರ್ಥಹಳ್ಳಿ ಕಡೆಯ ಗೆಳತಿ, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಇಂಥ ಆಟವನ್ನು ಆಕೆ ಅದುವರೆಗೆ ಕಂಡವಳೂ ಅಲ್ಲ. ಆದರೆ ನಾಲ್ವರಲ್ಲಿ ಪಾತ್ರವನ್ನು ನಿಜವಾಗಿ ಹೊಕ್ಕವಳು ಆಕೆಯೇ. ಭೂಮಿಯ ದೇವತೆ ಎರ್ನಾಲ್ಡಾಳ ಪೂಜಾರಿಣಿಯನ್ನು ಆರಿಸಿಕೊಂಡಳು. ಉಳಿದವರು ಕತ್ತಿಯ ಶೇಕಡಾವಾರು ಲೆಕ್ಕ ಹಾಕುತ್ತಿದ್ದಾಗ ಈಕೆ ಕುಲದ ಮನೆಗಳಲ್ಲಿ ಯಾರು ಬಸುರಿ, ಯಾರ ಕಣಜ ಖಾಲಿಯಾಗಿದೆ ಎಂದು ವಿಚಾರಿಸುತ್ತಿದ್ದಳು.

ಕೆಟ್ಟದ್ದು ಏಳನೆಯ ಸೆಷನ್‌ನಲ್ಲಿ. ಗ್ಲೊರಾಂತಾದ ಸಾರ್ಟಾರ್ ಎಂಬ ನಾಡಿನ ನಮ್ಮ ಕುಲದಲ್ಲಿ ಬಿರುಗಾಳಿ ಋತು ಮುಗಿದು ಪವಿತ್ರ ಕಾಲ ಬಂದಿತ್ತು. ಹಿಂದಿನ ವರ್ಷ ಬೆಳೆ ಕೈಕೊಟ್ಟಿದ್ದರಿಂದ ಕುಲದವರೆಲ್ಲ ಸೇರಿ ಒಂದು ಹೀರೋಕ್ವೆಸ್ಟ್ ಕೈಗೊಂಡಿದ್ದರು. ಈ ಆಟದ ಹೃದಯವೇ ಅದು: ಪುರಾಣದ ಒಂದು ಕಥೆಯನ್ನು ಆಚರಣೆಯಾಗಿ ಮತ್ತೆ ಬದುಕುತ್ತ ಪಾತ್ರಗಳು ದೇವತೆಗಳ ಕಾಲದೊಳಗೆ ಕಾಲಿಡುತ್ತವೆ, ಅಲ್ಲಿ ಗೆದ್ದುತಂದದ್ದು ಊರಿಗೆ ದಕ್ಕುತ್ತದೆ, ಸೋತದ್ದನ್ನು ಊರೇ ತೆರಬೇಕಾಗುತ್ತದೆ. ನಾನು ಆರಿಸಿದ್ದು ಮಹಾಕತ್ತಲೆಯ ಕಥೆ. ಎರ್ನಾಲ್ಡಾ ಸಾವಿನಂಥ ನಿದ್ರೆಗೆ ಜಾರಿದ್ದಾಳೆ. ಓರ್ಲಾಂತ್ ಮತ್ತು ಸಂಗಡಿಗರು ಪಾತಾಳಕ್ಕಿಳಿದು, ತಾನೇ ಕೊಂದ ಸೂರ್ಯನನ್ನು ಮರಳಿ ಕರೆತಂದ ಮೇಲೆ ಲೋಕ ಮತ್ತೆ ಚಿಗುರುತ್ತದೆ. ನನ್ನ ಟಿಪ್ಪಣಿಯಲ್ಲಿ ಪೂಜಾರಿಣಿಯ ಪಾಲಿಗೆ ಇದ್ದ ಕೆಲಸವೆಂದರೆ ಮಲಗಿ ಕಾಯುವುದಷ್ಟೇ.

ಆಕೆ ಮಲಗಲಿಲ್ಲ. "ಅವಳು ಸತ್ತಿಲ್ಲ, ಅವಳಿಗೆ ಬಸಿರು. ಬಯಕೆ ತೀರಿಸುವವರಿಲ್ಲದೆ ಮುನಿಸಿಕೊಂಡು ಮಲಗಿದ್ದಾಳೆ. ಕೋಳಿ ಕೂಗುವ ಮೊದಲೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಅವಳಿಗೆ ಉಣಬಡಿಸುತ್ತೇನೆ" ಎಂದಳು. ಮಲೆನಾಡಿನವರಿಗೆ ಇದು ಎಲ್ಲಿಂದ ಬಂದಿತೆಂದು ಹೇಳಬೇಕಾಗಿಲ್ಲ. ಆಶ್ವಯುಜದ ಭೂಮಿ ಹುಣ್ಣಿಮೆಯಲ್ಲಿ, ತೆನೆ ಹೊತ್ತ ಗದ್ದೆಯನ್ನು ಬಸುರಿಯೆಂದು ಬಗೆದು, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನೂ ಕಡುಬನ್ನೂ ಒಯ್ದು ಬೀರುವ ಪದ್ಧತಿ ಅದು. ಆಕೆ ಅದನ್ನು ಚಿಕ್ಕಂದಿನಿಂದ ಕೈಯಾರೆ ಮಾಡಿಕೊಂಡು ಬಂದವಳು. ರೂನ್ ಎಂದರೆ ಈ ಆಟದಲ್ಲಿ ಭೂಮಿ, ಗಾಳಿಯಂಥ ಮೂಲಶಕ್ತಿಯೊಂದಿಗೆ ಪಾತ್ರಕ್ಕಿರುವ ನಂಟು; ಅದನ್ನೂ ಕೌಶಲಗಳಂತೆ ಶೇಕಡಾದಲ್ಲಿ ಅಳೆಯುತ್ತಾರೆ. ಭೂಮಿ ರೂನ್‌ನಲ್ಲಿ ಆಕೆಯ ಪಾತ್ರಕ್ಕೆ 90 ಇತ್ತು. ಅದನ್ನು ಬಳಸಿ ಪೂಜೆಯ ಕೌಶಲಕ್ಕೆ ಬಲ ತುಂಬಿಕೊಳ್ಳುತ್ತೇನೆಂದು ನಿಯಮಕ್ಕೆ ಸರಿಯಾಗಿಯೇ ಹೇಳಿ, ಎರಡು ದಾಳಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಉಳಿದ ಮೂವರು ತಮ್ಮ ಹಾಳೆಗಳನ್ನು ಬಿಟ್ಟು ಆಕೆಯನ್ನೇ ನೋಡುತ್ತಿದ್ದರು.

ನಾನು "ಹಾಗಿಲ್ಲ" ಎಂದೆ. ಒಂದು ನಿಮಿಷ ತಡೆಯಲು ಹೇಳಿ ಟ್ಯಾಬ್ಲೆಟ್ ತೆಗೆದೆ. ಎರ್ನಾಲ್ಡಾಳ ನಿದ್ರೆಯ ಬಗ್ಗೆ ಪುಸ್ತಕದಲ್ಲಿ ಏನಿದೆಯೆಂದು ಹುಡುಕಿ, ಎರಡು ಪ್ಯಾರಾ ಓದಿ ಹೇಳಿದೆ. ಬಸಿರಿನ ಪ್ರಸ್ತಾಪ ಅಲ್ಲಿಲ್ಲವೆಂದೂ, ಬೇಕಿದ್ದರೆ ನಿದ್ರೆಯ ಭಾಗವನ್ನು ಆಚರಿಸಬಹುದೆಂದೂ ವಿವರಿಸಿದೆ. ಆಕೆ "ಸರಿ, ಹಾಗಾದರೆ ಮಲಗುತ್ತೇನೆ" ಎಂದು ದಾಳಗಳನ್ನು ಮೇಜಿನ ಮೇಲಿಟ್ಟಳು. ಆಮೇಲೆ ಎರಡು ಬಾರಿ ಬಂದಳು, ಕೇಳಿದಷ್ಟಕ್ಕೆ ಉತ್ತರ ಕೊಟ್ಟಳು, ಮೌಲ್ಯಮಾಪನದ ಕೆಲಸವಿದೆಯೆಂದು ಮೂರನೆಯ ಬಾರಿ ಬರಲಿಲ್ಲ. ಆಕೆ ಹೋದ ಮೇಲೆ ಉಳಿದವರ ಉತ್ಸಾಹವೂ ಇಳಿಯಿತು. 2020ರ ಫೆಬ್ರವರಿಯ ಹೊತ್ತಿಗೆ ಆಟ ನಿಂತಿತ್ತು.

ಈ ತಪ್ಪನ್ನು ನಾನು ಅನೇಕ ಬಾರಿ ಬಿಡಿಸಿ ನೋಡಿದ್ದೇನೆ, ಏಕೆಂದರೆ ಅದು ಮೇಲ್ನೋಟಕ್ಕೆ ಕಾಣುವಂತೆ ಬರೀ ಒರಟುತನವಲ್ಲ. ನಾನು ದನಿ ಏರಿಸಿರಲಿಲ್ಲ, ಓದಿ ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ತಪ್ಪಿದ್ದದ್ದು ನಾನು ಯಾರ ಮಾತನ್ನು ತಿದ್ದಿದೆ ಎಂಬುದರಲ್ಲಿ. ಆ ಗಳಿಗೆಯಲ್ಲಿ ಮಾತನಾಡುತ್ತಿದ್ದವಳು ಆಟ ಹೊಸದಾಗಿ ಕಲಿಯುತ್ತಿದ್ದ ಶಿಕ್ಷಕಿಯಲ್ಲ, ಭೂಮಿ ರೂನ್ 90 ಇರುವ ಪೂಜಾರಿಣಿ. ಆ ಲೋಕದಲ್ಲಿ ಎರ್ನಾಲ್ಡಾಳ ವಿಷಯದಲ್ಲಿ ಅವಳಿಗಿಂತ ಹೆಚ್ಚು ಬಲ್ಲವರು ನಮ್ಮ ಕುಲದಲ್ಲಿ ಯಾರೂ ಇರಲಿಲ್ಲ. ಕತ್ತಿಯಲ್ಲಿ 90 ಇರುವ ಯೋಧನಿಗೆ ನಾನೆಂದೂ ಕತ್ತಿ ಹಿಡಿಯುವ ಕ್ರಮ ಹೇಳಿಕೊಟ್ಟಿರಲಿಲ್ಲ. ದಾಳ ಉರುಳಿಸಲು ಬಿಡುತ್ತಿದ್ದೆ. ಪುರಾಣ ಬಲ್ಲ ಪಾತ್ರದಿಂದ ಮಾತ್ರ ಅವಳ ಆಯುಧವನ್ನೇ ಕಿತ್ತುಕೊಂಡೆ. ಆಟದಲ್ಲಿ ಸೋಲಿಗೂ ಒಂದು ಜಾಗವಿದೆ: ದಾಳ ತಪ್ಪಿದ್ದರೆ ದೇವಿ ಉಣ್ಣಲಿಲ್ಲವೆಂದಾಗುತ್ತಿತ್ತು, ಅದೂ ಕಥೆಯೇ ಆಗುತ್ತಿತ್ತು. ದಾಳ ಉರುಳುವ ಮೊದಲೇ ನಾನು ಹೇಳಿದ "ಹಾಗಿಲ್ಲ" ಎಂಬುದರಿಂದ ಯಾವ ಕಥೆಯೂ ಹುಟ್ಟುವಂತಿರಲಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಗ್ಲೊರಾಂತಾದಲ್ಲಿ ಪುರಾಣಕ್ಕೆ ಒಂದೇ ಪಾಠವಿಲ್ಲ. ಸೂರ್ಯ ಯೆಲ್ಮ್‌ನನ್ನು ಆರಾಧಿಸುವ ಡಾರಾ ಹಾಪಾದವರಿಗೆ ಓರ್ಲಾಂತ್ ರಾಜಹಂತಕ. ಓರ್ಲಾಂತ್‌ನ ಜನರಿಗೆ ಅವನು ದಬ್ಬಾಳಿಕೆಯನ್ನು ಮುರಿದವನು, ಮುರಿದುದನ್ನು ಮತ್ತೆ ಕಟ್ಟಿದವನೂ ಹೌದು. ಎರಡು ಕಥೆಗಳಿಗೂ ಆ ಲೋಕದಲ್ಲಿ ಶಕ್ತಿಯಿದೆ. "ನಿಮ್ಮ ಗ್ಲೊರಾಂತಾ ಬೇರೆಯಾಗಿಯೇ ಇರುತ್ತದೆ" ಎಂಬುದು ಈ ಆಟ ಆಡುವವರ ನಡುವೆ ಬಹಳ ಕಾಲದಿಂದ ಬಳಕೆಯಲ್ಲಿರುವ ಮಾತು. ಮೊದಲ ಸೆಷನ್‌ನಲ್ಲಿ ನಾನೇ ಅದನ್ನು ಎಲ್ಲರಿಗೂ ಓದಿ ಹೇಳಿದ್ದೆ. "ಯಾವಾಗಲೂ ಇನ್ನೊಂದು ದಾರಿ ಇದೆ" ಎಂಬುದು ಎರ್ನಾಲ್ಡಾಳದ್ದೇ ಬೋಧನೆ. ಆ ಗೆಳತಿ ನನ್ನೆದುರು ತೋರಿಸುತ್ತಿದ್ದದ್ದು ಆ ಇನ್ನೊಂದು ದಾರಿಯನ್ನೇ. ಇಷ್ಟೆಲ್ಲ ಓದಿಕೊಂಡಿದ್ದ ನನಗೆ ಅದು ಕಾಣಿಸಲಿಲ್ಲ.

ಆದ್ದರಿಂದ ಇನ್ನೂ ಎಷ್ಟು ಓದಬೇಕೆಂಬ ಪ್ರಶ್ನೆಯೇ ಸರಿಯಿಲ್ಲವೆಂದು ನನ್ನ ಅಭಿಪ್ರಾಯ. ನೀವು ಈಗಾಗಲೇ ಅಗತ್ಯಕ್ಕಿಂತ ಹೆಚ್ಚು ಓದಿದ್ದೀರಿ. ಓದುವ ಸುಖ ಬೇರೆ, ಆಡಿಸುವ ಸಿದ್ಧತೆ ಬೇರೆ. ಸುಖಕ್ಕಾಗಿ ಎಷ್ಟು ಬೇಕಾದರೂ ಓದಿ, ಆದರೆ ಮೇಜಿನ ಮೇಲೆ ನಿಯಮದ ಪುಸ್ತಕವನ್ನು ಬಿಟ್ಟು ಬೇರೆ ಪುಸ್ತಕ ಇಡಬೇಡಿ. ಚರ್ಚೆಗೂ ಇದೇ ಮಾತು. ಯಾವ ದೇವತೆ ಯಾರ ಮಗಳು, ಗ್ಲೊರಾಂತಾದ 1625ನೆಯ ವರ್ಷದಲ್ಲಿ ಡ್ರಾಗನ್ ಎದ್ದು ಚಂದ್ರ ಸಾಮ್ರಾಜ್ಯದ ದೇವಾಲಯವನ್ನು ನುಂಗಿದ್ದು ಯಾರ ಕೈವಾಡ ಎಂಬಂಥ ಚರ್ಚೆಗಳನ್ನು ನಾನು ಈಗಲೂ ಪ್ರೀತಿಸುತ್ತೇನೆ, ಆದರೆ ಅವು ಆಟ ಮುಗಿದು ಕಾಫಿ ಬಂದ ಮೇಲಿನವು.

ಹೆಸರು ಬದಲಾಯಿಸುವ ಆಲೋಚನೆಯನ್ನಂತೂ ದಯವಿಟ್ಟು ಕೈಬಿಡಿ. ನನ್ನ ಗೆಳತಿ ಭೂಮಿ ಹುಣ್ಣಿಮೆಯನ್ನು ತಂದದ್ದಕ್ಕೂ ನೀವು ಓರ್ಲಾಂತ್‌ನನ್ನು ಇಂದ್ರನೆನ್ನುವುದಕ್ಕೂ ಬಹಳ ಅಂತರವಿದೆ. ಆಕೆ ತಂದದ್ದು ಒಂದು ಕ್ರಿಯೆಯನ್ನು, ತನ್ನ ಕೈಗೆ ಗೊತ್ತಿದ್ದ ಕೆಲಸವನ್ನು. ಅದು ಎರ್ನಾಲ್ಡಾಳನ್ನು ಎರ್ನಾಲ್ಡಾಳಾಗಿಯೇ ಉಳಿಸಿ ಅವಳಿಗೆ ಹಸಿವನ್ನು ಕೊಟ್ಟಿತು. ಇಂದ್ರನೆಂಬ ಹೆಸರು ಬಂದ ಕೂಡಲೇ ಆಟಗಾರರು ತಮಗೆ ಎಲ್ಲ ಗೊತ್ತಿದೆ ಎಂದುಕೊಂಡು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ. ಅಹಲ್ಯೆ, ವೃತ್ರ, ಗೋವರ್ಧನಗಳೆಲ್ಲ ಕರೆಯದೆಯೇ ಒಳಗೆ ಬರುತ್ತವೆ. ಗ್ಲೊರಾಂತಾದ ಇತಿಹಾಸದಲ್ಲೇ ಇದಕ್ಕೊಂದು ಎಚ್ಚರಿಕೆಯಿದೆ. ದೇವತೆಗಳೆಲ್ಲ ಒಂದೇ ಅಚ್ಚಿನವರೆಂದು ತಿಳಿದ ಗಾಡ್ ಲರ್ನರ್ ಎಂಬ ಮಾಂತ್ರಿಕ ಪಂಡಿತರು ಎರಡು ನಾಡುಗಳ ಧಾನ್ಯದೇವತೆಗಳನ್ನು ಅದಲುಬದಲು ಮಾಡಿ ನೋಡಿದರು. ಕೊನೆಗೆ ಬೆಳೆ ನೆಲಕಚ್ಚಿತು.

ಆರಂಭವನ್ನು ದನಗಳಿಂದ ಮಾಡಿ. ಪಕ್ಕದ ಕುಲದವರು ರಾತ್ರೋರಾತ್ರಿ ನಿಮ್ಮವರ ದನ ಹೊಡೆದುಕೊಂಡು ಹೋಗಿದ್ದಾರೆ, ಇಷ್ಟು ಸಾಕು. ಇತರ ದೇಶದ ಆಟಗಾರರಿಗೆ ದನಕ್ಕಾಗಿ ಯಾಕೆ ಸಾಯಬೇಕೆಂದು ವಿವರಿಸಬೇಕಾಗಬಹುದು; ನಮ್ಮಲ್ಲಿ ತುರುಗೊಳ್‌ನಲ್ಲಿ ಮಡಿದವರ ವೀರಗಲ್ಲುಗಳು ಎಷ್ಟೋ ಊರುಗಳಲ್ಲಿ ಇಂದಿಗೂ ನಿಂತಿವೆ. ಅನೇಕ ಕಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ ಇರುತ್ತದೆ. ನನ್ನ ಈಗಿನ ಗುಂಪಿಗೆ ಮೊದಲ ದಿನ ಅಂಥದೊಂದು ಕಲ್ಲಿನ ಫೋಟೋ ತೋರಿಸಿ, "ನಿಮ್ಮ ಅಜ್ಜನಿಗೆ ಇಂಥದೊಂದು ಕಲ್ಲು ನಿಲ್ಲಿಸಿದ್ದರೆ ಅದರಲ್ಲಿ ಏನು ಕೆತ್ತಿರುತ್ತಿತ್ತು?" ಎಂದು ಕೇಳಿದೆ. ಪಾತ್ರರಚನೆಯ ನಿಯಮಗಳಲ್ಲಿ ಅಜ್ಜ, ಅಪ್ಪ ಅಥವಾ ಅಜ್ಜಿ, ಅಮ್ಮಂದಿರ ಇತಿಹಾಸವನ್ನು ವರ್ಷವರ್ಷಕ್ಕೂ ದಾಳ ಹಾಕಿ ಕಂಡುಕೊಳ್ಳುವ ಕ್ರಮವಿದೆ. ಅದು ಸೊಗಸಾಗಿದೆ, ಆದರೆ ಒಂದು ಇಡೀ ದಿನ ಹಿಡಿಯುತ್ತದೆ. ನಾವು ಆ ಒಂದೇ ಪ್ರಶ್ನೆಯಿಂದ ಮುಕ್ಕಾಲು ಗಂಟೆಯಲ್ಲಿ ಅಜ್ಜಂದಿರನ್ನೂ, ಅವರನ್ನು ಕೊಂದವರನ್ನೂ, ಆ ದ್ವೇಷ ಶೇಕಡಾ ಎಷ್ಟೆಂಬುದನ್ನೂ ಬರೆದುಕೊಂಡೆವು.

ದೇವತೆಗಳ ಬಗ್ಗೆ ಪ್ರತಿಯೊಬ್ಬ ಆಟಗಾರನಿಗೂ ಅರ್ಧ ಪುಟ ಕೊಡಿ: ದೇವರು ಯಾರು, ಏನನ್ನು ಮೆಚ್ಚುತ್ತಾನೆ, ಏನನ್ನು ಸಹಿಸುವುದಿಲ್ಲ, ಹಬ್ಬ ಯಾವಾಗ. ಹಬ್ಬವನ್ನು ಬಿಡಬೇಡಿ, ಏಕೆಂದರೆ ದೇವರ ಮಂತ್ರಗಳಿಗೆ ಖರ್ಚಾದ ರೂನ್ ಅಂಕಗಳು ಮರಳಿ ಬರುವುದು ಪೂಜೆಯಿಂದ. ಹಾಗಾಗಿ ಹಬ್ಬಕ್ಕೆ ಊರಿಗೆ ಮರಳಬೇಕೆಂಬ ಸೆಳೆತ ತಾನಾಗಿಯೇ ಹುಟ್ಟುತ್ತದೆ. ಉಳಿದದ್ದನ್ನು ಅವರು ಹೇಳಲಿ, ನೀವು ಬರೆದುಕೊಳ್ಳಿ. ಅವರು ಹೇಳಿದ್ದು ಪುಸ್ತಕಕ್ಕೆ ವಿರುದ್ಧವಾಗಿದ್ದರೆ, ಪುಸ್ತಕದ ಕಥೆ ಪಕ್ಕದ ಕುಲದ್ದೆಂದು ಇಟ್ಟುಕೊಳ್ಳಿ. ಮುಂದೊಂದು ದಿನ ಆ ಎರಡು ಕುಲಗಳ ಪೂಜಾರಿಣಿಯರು ಒಂದೇ ಹೊಲದಲ್ಲಿ ಎದುರಾಗುವ ಸೆಷನ್ ನಿಮಗೆ ಸಿದ್ಧವಾಗಿರುತ್ತದೆ.

2022ರಲ್ಲಿ ನಾನು ಆ ಗೆಳತಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಪುಸ್ತಕ ತೆಗೆದದ್ದು, ಓದಿ ಹೇಳಿದ್ದು ಆಕೆಗೆ ಅಷ್ಟಾಗಿ ನೆನಪಿರಲಿಲ್ಲ. "ಅದೆಲ್ಲ ಇರಲಿ, ಬುಟ್ಟೀಲಿ ಏನಿತ್ತು ಅಂತ ನೀನು ಕೇಳ್ಲೇ ಇಲ್ವಲ್ಲ ಮಾರಾಯ" ಎಂದಳು. ಆಗ ಕೇಳಿದೆ. ಕತ್ತಲೆಯ ಕಾಲದಲ್ಲಿ ಸೊಪ್ಪು ಎಲ್ಲಿಂದ ಬರಬೇಕು, ಆದ್ದರಿಂದ ಬುಟ್ಟಿಯಲ್ಲಿ ಇದ್ದದ್ದು ಬೂದಿಯಲ್ಲಿ ಕಾಪಿಟ್ಟಿದ್ದ ಕೊನೆಯ ಹಿಡಿ ಬಿತ್ತನೆ ಬೀಜ, ಅದನ್ನೇ ಬೇಯಿಸಿ ಒಯ್ಯುವವಳಿದ್ದೆ ಎಂದು ಹೇಳಿದಳು. ಈಗ ನಾನು ನಡೆಸುತ್ತಿರುವ ಆಟದಲ್ಲಿ, ಆಕೆಯ ಒಪ್ಪಿಗೆ ಪಡೆದು, ಪವಿತ್ರ ಕಾಲದ ಮೊದಲ ದಿನ ನಮ್ಮ ಕುಲದ ಹೆಂಗಸರು ಕೋಳಿ ಕೂಗುವ ಮೊದಲೇ ಆ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಒಳಗೆ ಏನಿದೆಯೆಂದು ಪ್ರತಿ ವರ್ಷವೂ ಬೇರೊಬ್ಬ ಆಟಗಾರ ಹೇಳಬೇಕು.