ಕಲಬುರಗಿಯ ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ತಾನೇ ನಡೆಯುವ, ನಾಯ್ಸ್ ಕಡಿಮೆ ಇರುವ ಎಸ್‌ಡಿಆರ್ (ಸಾಫ್ಟ್‌ವೇರ್ ಮೂಲಕ ಕೆಲಸ ಮಾಡುವ ರೇಡಿಯೋ) ರಿಸೀವರ್ ಕೂರಿಸಲು ಯಾವ ಎಲ್‌ಎನ್‌ಎ (ಕ್ಷೀಣ ಸಿಗ್ನಲ್ಲನ್ನು ಹಿಗ್ಗಿಸುವ, ನಾಯ್ಸ್ ಕಡಿಮೆಯ ಆಂಪ್ಲಿಫೈಯರ್) ಕೊಳ್ಳಬೇಕು?

ಯಾವುದನ್ನೂ ಕೊಳ್ಳಬೇಡಿ. ಯುಎಸ್‌ಬಿ ಎಸ್‌ಡಿಆರ್ ಡಾಂಗಲ್, ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ, ಮಾಳಿಗೆಯ ಮೇಲೆ ಆಂಪ್ಲಿಫೈಯರ್ ಸಮೇತದ ಪುಟ್ಟ ಮಿನಿ-ವಿಪ್ ಆಂಟೆನಾ, ಅಲ್ಲಿಂದ ಕೆಳಗಿನ ಕೋಣೆಗೆ ಕೇಬಲ್, 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್ ಸುತ್ತಲಿನ ಹವ್ಯಾಸಿಗಳ ಬ್ಯಾಂಡು) ಹೋದರೆ ಪರದೆಯ ತುಂಬ ಮಬ್ಬು, ಮಾತು ಮಾತ್ರ ಕೇಳದು. ನೀವು ಬರೆದಿರುವುದೆಲ್ಲ ಕೆಲವು ವರ್ಷಗಳ ಹಿಂದೆ ಸೇಡಂ ರಸ್ತೆಯ ನನ್ನ ಮನೆಯಲ್ಲಿ ಇದ್ದದ್ದೇ. ನಾನೂ ಆಗ ಇದೇ ಪ್ರಶ್ನೆ ಕೇಳಿದ್ದೆ. ಯಾರೋ ಪುಣ್ಯಾತ್ಮರು ಒಂದು ಎಲ್‌ಎನ್‌ಎ ಹೆಸರು ಹೇಳಿದರು, ನಾನು ತರಿಸಿದೆ. ಖರ್ಚಿನ ದಾರಿ ಅಲ್ಲಿಂದ ತೆರೆಯಿತು.

ನನ್ನನ್ನು ಈ ಹುಚ್ಚಿಗೆ ಹಚ್ಚಿದ್ದು ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್, ಅಂದರೆ ಇಂಟರ್ನೆಟ್ಟಿನ ಮೂಲಕ ಯಾರು ಬೇಕಾದರೂ ಕೇಳಬಹುದಾದ ರಿಸೀವರ್. ಕಲಬುರಗಿಯಲ್ಲಿ ಕುಳಿತು ಬ್ರೌಸರ್ ತೆರೆದರೆ 29 ಮೆಗಾಹರ್ಟ್ಸ್‌ವರೆಗಿನ ಅಲ್ಲಿನ ಇಡೀ ಶಾರ್ಟ್‌ವೇವ್ ಕಣ್ಣ ಮುಂದೆ ಹರಿಯುತ್ತದೆ. ಅಲ್ಲಿರುವುದು ಅಂಗೈಯಗಲದ ಮಿನಿ-ವಿಪ್ ಎಂದು ಓದಿದಾಗ ನನಗೆ ಇನ್ನೇನು ಬೇಕಿತ್ತು? ಅದನ್ನೇ ಬೆಸುಗೆ ಹಾಕಿ ತಯಾರಿಸಿದೆ. ನೀರಿನ ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಪೈಪು ನಿಲ್ಲಿಸಿ ಅದರ ತುದಿಗೆ ಕಟ್ಟಿದೆ, ಕೇಬಲನ್ನು ಕಿಟಕಿಯಿಂದ ಒಳಗೆ ಇಳಿಸಿದೆ. ಪೈಗೆ ಒಂದು ಮೊಬೈಲ್ ಚಾರ್ಜರ್, ಆಂಟೆನಾದ ಆಂಪ್ಲಿಫೈಯರಿಗೆ ಸೆಟ್‌ಟಾಪ್ ಬಾಕ್ಸಿನ ಹಳೆಯ 12 ವೋಲ್ಟ್ ಅಡಾಪ್ಟರ್. ಬೆಳಿಗ್ಗೆ 7.1 ಮೆಗಾಹರ್ಟ್ಸ್ ಸುತ್ತಮುತ್ತ ದಕ್ಷಿಣ ಭಾರತದ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಮಾತಾಡಿಕೊಳ್ಳುತ್ತಾರೆ ಎಂದು ಗೊತ್ತಿತ್ತು. ನನಗೆ ಕಂಡದ್ದು ಸುಮಾರು 70 ಕಿಲೋಹರ್ಟ್ಸ್‌ಗೆ ಒಂದರಂತೆ ಸಾಲಾಗಿ ನಿಂತ ಉಣ್ಣೆಯಂಥ ಪಟ್ಟೆಗಳು. ಕುಳಿತಲ್ಲಿ ಕೂರದೆ ಮೆಲ್ಲಗೆ ಅತ್ತಿತ್ತ ಸರಿಯುತ್ತಿದ್ದವು. ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರ್ ಸಿಗ್ನಲ್ ಇಲ್ಲದ ಜಾಗದಲ್ಲೂ ಎಸ್9ರ ಹತ್ತಿರ, ಅಂದರೆ ಬಲವಾದ ಸಿಗ್ನಲ್ಲಿನ ಮಟ್ಟ.

ಈಗ ತಪ್ಪಿನ ವಿಷಯ. ಇದನ್ನು ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ನೀವೂ ಇದೇ ತರ್ಕದ ಮೇಲೆ ನಿಂತಿದ್ದೀರಿ: "ಕರೆಂಟ್ ಹೋದಾಗಲೂ ನಾಯ್ಸ್ ಹಾಗೇ ಇರುತ್ತದೆ, ಆದ್ದರಿಂದ ರಿಸೀವರೇ ಸರಿ ಇಲ್ಲ" ಎಂದು ಬರೆದಿದ್ದೀರಿ.

ನಾನೂ ಅದನ್ನೇ ಅಂದುಕೊಂಡೆ. ಏಪ್ರಿಲ್ ತಿಂಗಳ ಒಂದು ರಾತ್ರಿ ನಮ್ಮ ಇಡೀ ಓಣಿಯ ವಿದ್ಯುತ್ ಹೋಯಿತು. ಓಡಿ ಹೋಗಿ ಪರದೆ ನೋಡಿದೆ. ಪಟ್ಟೆಗಳು ಒಂದೂ ಅಳಿಸಿರಲಿಲ್ಲ. ಅಕ್ಕಪಕ್ಕದ ಎಲ್‌ಇಡಿ ದೀಪ, ಫ್ಯಾನು, ಟಿವಿ ಎಲ್ಲ ಬಂದ್ ಆಗಿದ್ದರೂ ನಾಯ್ಸ್ ಇದೆ ಎಂದರೆ ಅದು ಹೊರಗಿನದಲ್ಲ. ಇಲ್ಲಿಯವರೆಗೆ ತರ್ಕ ಸರಿ. ಹೊರಗಿನದಲ್ಲದಿದ್ದರೆ ರಿಸೀವರಿನ ಒಳಗಿನದು ಎಂದು ಮುಂದಿನ ಹೆಜ್ಜೆ ಇಟ್ಟೆನಲ್ಲ, ಕೆಟ್ಟದ್ದು ಅಲ್ಲಿ. ಕತ್ತಲಲ್ಲಿ ಆ ಪರದೆ ಉರಿಯುತ್ತಿದ್ದದ್ದಾದರೂ ಹೇಗೆ? ಮನೆಯ ಇನ್ವರ್ಟರ್ ನಡೆಯುತ್ತಿತ್ತು. ಅದರ ಮೇಲೆ ವೈಫೈ ರೌಟರ್, ಕೋಣೆಯ ಎಲ್‌ಇಡಿ ಬಲ್ಬು, ಪೈ ಚಾರ್ಜರ್, ಆ ಹಳೆಯ ಅಡಾಪ್ಟರ್ ಎಲ್ಲವೂ ನಡೆಯುತ್ತಿದ್ದವು. ಊರಿನ ನಾಯ್ಸ್ ಹೋಗಿತ್ತು, ನನ್ನ ಮನೆಯ ನಾಯ್ಸ್ ಒಂದು ಚೂರೂ ಹೋಗಿರಲಿಲ್ಲ. ಹೊರಗು ಮತ್ತು ರಿಸೀವರ್ ನಡುವೆ ಮನೆ ಎನ್ನುವುದೊಂದು ಇದೆ ಎಂಬುದೇ ನನ್ನ ತಲೆಗೆ ಹೊಳೆಯಲಿಲ್ಲ.

ಹೀಗೆ ಎಲ್‌ಎನ್‌ಎ ಬಂತು. ಹಚ್ಚಿದ ಕೂಡಲೇ ಪರದೆ ಇನ್ನಷ್ಟು ಬೆಳಗಿತು, ನನಗೆ ಖುಷಿಯೂ ಆಯಿತು. ಆದರೆ ಮಾತು ಇನ್ನೂ ಕೇಳದಾಯಿತು. ಕಲ್ಲು ಬೆರೆತ ತೊಗರಿಬೇಳೆಯನ್ನು ಎರಡು ಸೇರು ಅಳೆದುಕೊಟ್ಟರೆ ಕಲ್ಲೂ ಎರಡರಷ್ಟೇ ಬರುತ್ತದೆ. ಲೆಕ್ಕ ಬೇಕಿದ್ದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಐಟಿಯು-ಆರ್ ಪಿ.372 ಎಂಬ ಶಿಫಾರಸಿನಲ್ಲಿದೆ. ವಸತಿ ಬಡಾವಣೆಯಲ್ಲಿ 7 ಮೆಗಾಹರ್ಟ್ಸ್‌ನಲ್ಲಿ ಮನುಷ್ಯ ನಿರ್ಮಿತ ನಾಯ್ಸ್ ಸಾಮಾನ್ಯವಾಗಿ ಉಷ್ಣ ನಾಯ್ಸ್‌ಗಿಂತ (ಶಾಖದಿಂದ ತಾನಾಗಿ ಹುಟ್ಟುವ ನಾಯ್ಸ್) ಸುಮಾರು 49 ಡಿಬಿ (ಡೆಸಿಬಲ್) ಮೇಲೆ, ಹಳ್ಳಿಯಲ್ಲಿ ಸುಮಾರು 44 ಡಿಬಿ ಮೇಲೆ. ನಿಮ್ಮ ರಿಸೀವರಿನ ನಾಯ್ಸ್ ಫಿಗರ್ (ರಿಸೀವರ್ ತಾನೇ ಸೇರಿಸುವ ನಾಯ್ಸಿನ ಅಳತೆ) 15 ಡಿಬಿ ಇದ್ದರೂ ಅದು 30 ಡಿಬಿಗೂ ಹೆಚ್ಚು ಕೆಳಗೆ ಮಲಗಿರುತ್ತದೆ. ಅದನ್ನು 1 ಡಿಬಿಗೆ ಇಳಿಸಿದರೆ ನಿಮ್ಮ ಕಿವಿಗೆ ಏನೂ ತಿಳಿಯುವುದಿಲ್ಲ. ಶಾರ್ಟ್‌ವೇವ್‌ನಲ್ಲಿ ನಾಯ್ಸ್ ಕಡಿಮೆ ಇರುವ ರಿಸೀವರ್ ಎಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ. ನಾಯ್ಸ್ ಕಡಿಮೆ ಇರಬೇಕಾದದ್ದು ನಿಮ್ಮ ಮನೆಯಲ್ಲಿ.

ನನಗೆ ಆಗ ಇದು ತಿಳಿಯಲಿಲ್ಲ. ಎಂಟು ಬಿಟ್ಟಿನ ಡಾಂಗಲ್‌ದೇ ದೋಷ ಎಂದು ತೀರ್ಮಾನಿಸಿ 14 ಬಿಟ್ಟಿನ ಕೀವೀ ಎಸ್‌ಡಿಆರ್ ತರಿಸಿದೆ. ಅದು ಒಳ್ಳೆಯ ಬೋರ್ಡು, ತಕರಾರಿಲ್ಲ. 10 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಒಂದೇ ಸಲಕ್ಕೆ ನೋಡುತ್ತದೆ, ಒಳಗಿನ ಬೀಗಲ್‌ಬೋನ್ ಕಂಪ್ಯೂಟರೇ ವೆಬ್ ಪುಟವನ್ನೂ ಕೊಡುತ್ತದೆ. ನೀವು ಕೇಳುವ "ತಾನೇ ನಡೆಯುವ" ರಿಸೀವರ್ ಇದೇ. ಹಚ್ಚಿದೆ. ಅದೇ ಪಟ್ಟೆಗಳು, ಅದೇ ಜಾಗದಲ್ಲಿ, ಈ ಸಲ ಬಹಳ ಸ್ಪಷ್ಟವಾಗಿ. ಒಂದು ಸ್ಕೂಟರಿನ ಮುಂಗಡ ಕಟ್ಟಬಹುದಾಗಿದ್ದ ದುಡ್ಡು ಅದು. ಮನೆಯಲ್ಲಿ ಅದರ ಬೆಲೆಯನ್ನು ನಾನು ಇವತ್ತಿಗೂ ಪೂರ್ತಿ ಹೇಳಿಲ್ಲ.

ಬೀದರಿನಲ್ಲಿ ಹಿರಿಯ ಹ್ಯಾಮ್ ಒಬ್ಬರಿದ್ದಾರೆ, ವಾಯುಪಡೆಯಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾದವರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಫೋನಿನಲ್ಲಿ ನನ್ನ ಗೋಳನ್ನೆಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಇಷ್ಟೇ: "ತಮ್ಮಾ, ಆಂಟೆನಾ ಬಿಚ್ಚಿ ಆ ಬಾಯಿಗೆ 50 ಓಮ್ ರೆಸಿಸ್ಟರ್ ಹಾಕಿ ನೋಡಿದೆಯೇನು?" ನೋಡಿರಲಿಲ್ಲ. ಹಾಕಿದೆ. ಪರದೆ ಪೂರ್ತಿ ನೀಲಿಯಾಯಿತು, ಪಟ್ಟೆಗಳು ಮಾಯ. ರಿಸೀವರ್ ನಿರ್ದೋಷಿ, ಹಳೆಯ ಡಾಂಗಲೂ ನಿರ್ದೋಷಿಯೇ ಇದ್ದಿರಬೇಕು. "ಈಗ ಮನೆಯ ಮೇನ್ ಇಳಿಸು. ಇನ್ವರ್ಟರನ್ನೂ ಬಂದ್ ಮಾಡು, ಅದನ್ನು ಮರೆಯಬೇಡ. ರಿಸೀವರ್ ಬ್ಯಾಟರಿಯ ಮೇಲಿರಲಿ, ಆಂಟೆನಾನೂ ಬ್ಯಾಟರಿಯ ಮೇಲೆಯೇ." ಲ್ಯಾಪ್‌ಟಾಪ್ ಅದರದೇ ಬ್ಯಾಟರಿಯಲ್ಲಿತ್ತು, ನೆಟ್‌ವರ್ಕ್ ಕೇಬಲನ್ನು ನೇರ ಬೋರ್ಡಿಗೆ ಸಿಕ್ಕಿಸಿದೆ. ಎಸ್-ಮೀಟರ್ ಎಸ್5ಕ್ಕೆ ಬಂದು ನಿಂತಿತು. ಒಂದು ಎಸ್ ಎಂದರೆ 6 ಡಿಬಿ, ನೀವೇ ಗುಣಿಸಿಕೊಳ್ಳಿ. ಕೊಯಮತ್ತೂರಿನ ಕಡೆಯವರೊಬ್ಬರು ಯಾರಿಗೋ ತಮ್ಮ ಊರಿನ ಮಳೆಯ ವರದಿ ಕೊಡುತ್ತಿದ್ದರು. ಅಷ್ಟು ದಿನ ಅವರು ಅಲ್ಲೇ ಇದ್ದರು.

ಆಮೇಲೆ ಮನೆಯ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋದೆ. ದೊಡ್ಡ ಕಳ್ಳರು ಯಾರೆಂದರೆ ರಿಸೀವರಿಗೂ ಆಂಟೆನಾಕ್ಕೂ ನಾನೇ ಕೈಯಾರೆ ಹಚ್ಚಿದ್ದ ಆ ಎರಡು ಅಡಾಪ್ಟರುಗಳು.

ಅಡಾಪ್ಟರಿನ ನಾಯ್ಸ್ ಮಾಳಿಗೆಯ ಮೇಲಿನ ಆಂಟೆನಾಕ್ಕೆ ಹೇಗೆ ಹೋಗುತ್ತದೆ ಎಂದು ಕೇಳುತ್ತೀರಿ. ಕೋಆಕ್ಸ್ ಕೇಬಲಿನಲ್ಲಿ ನಮಗೆ ಕಾಣುವುದು ಎರಡು ವಾಹಕಗಳು, ನಡುವಿನ ತಂತಿ ಮತ್ತು ಸುತ್ತಲಿನ ಜಾಲರಿ. ರೇಡಿಯೋ ಆವರ್ತನದಲ್ಲಿ ವಿದ್ಯುತ್ತು ಲೋಹದ ಮೇಲ್ಮೈಯಲ್ಲೇ ಹರಿಯುವುದರಿಂದ ಜಾಲರಿಯ ಒಳಮೈ ಬೇರೆ, ಹೊರಮೈ ಬೇರೆ. ಅಲ್ಲಿಗೆ ಮೂರು ವಾಹಕಗಳಾದವು. ಸ್ವಿಚಿಂಗ್ ಅಡಾಪ್ಟರ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಜೋಡಿಸುತ್ತದೆ, ಅದರ ಗುಣಕಗಳು ಶಾರ್ಟ್‌ವೇವ್‌ವರೆಗೂ ಏರುತ್ತವೆ. ಆ 70 ಕಿಲೋಹರ್ಟ್ಸ್ ಅಂತರದ ಪಟ್ಟೆಗಳು ಅವೇ. ಅವು ಅಡಾಪ್ಟರಿನ 5 ವೋಲ್ಟ್ ತಂತಿಯಿಂದ ಬೋರ್ಡಿನ ನೆಲಕ್ಕೆ, ಅಲ್ಲಿಂದ ಜಾಲರಿಯ ಹೊರಮೈಗೆ, ಅದನ್ನು ಹಿಡಿದು ಮಾಳಿಗೆಗೆ ಹತ್ತುತ್ತವೆ. ಇನ್ನು ಮಿನಿ-ವಿಪ್‌ನ ಗುಟ್ಟು: ಆ ಅಂಗೈಯಗಲದ ತಗಡು ಆಂಟೆನಾದ ಅರ್ಧ ಮಾತ್ರ. ಅದು ತನ್ನ ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತದೋ ಆ ನೆಲವೇ ಉಳಿದರ್ಧ. ಕಂಬದ ಬುಡದಲ್ಲಿ ಅರ್ತಿಂಗ್ ಇಲ್ಲದಿದ್ದರೆ ಆ ನೆಲ ಎಂದರೆ ಕೇಬಲಿನ ಹೊರಮೈ, ಅಂದರೆ ಅಡಾಪ್ಟರ್, ಅಂದರೆ ಮನೆಯ ಇಡೀ ವೈರಿಂಗು. ನಾನು ಮಾಳಿಗೆಯ ಮೇಲೆ ಆಂಟೆನಾ ಕಟ್ಟಿದ್ದೇನೆ ಅಂದುಕೊಂಡಿದ್ದೆ, ನಿಜವಾಗಿ ಕೇಳುತ್ತಿದ್ದದ್ದು ಅಡುಗೆಮನೆಯ ಸ್ವಿಚ್‌ಬೋರ್ಡನ್ನು. ಟ್ವೆಂಟೆಯ ರಿಸೀವರ್ ನಡೆಸುವವರೇ ಈ ನೆಲದ ವಿಷಯವನ್ನು ವಿವರವಾಗಿ ಬರೆದಿದ್ದಾರೆ. ನಾನು ಸರ್ಕ್ಯೂಟ್ ಚಿತ್ರವಷ್ಟೇ ನೋಡಿ ಎದ್ದು ಹೋಗಿದ್ದೆ.

ನೀವು ಮಾಡಬೇಕಾದದ್ದನ್ನು ಹೇಳುತ್ತೇನೆ. ಮೊದಲು ಅಡಾಪ್ಟರ್ ಬಿಸಾಡಿ. ಸೂಪರ್ ಮಾರ್ಕೆಟ್ ಕಡೆಯ ಯಾವ ರೇಡಿಯೋ ರಿಪೇರಿ ಅಂಗಡಿಯಲ್ಲಾದರೂ 9 ವೋಲ್ಟಿನ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಬ್ರಿಜ್ ರೆಕ್ಟಿಫೈಯರಿನ ಪ್ರತಿ ಡಯೋಡಿಗೆ ಅಡ್ಡವಾಗಿ 0.01 ಮೈಕ್ರೋಫ್ಯಾರಡ್, ಮುಂದೆ 4700 ಮೈಕ್ರೋಫ್ಯಾರಡ್, ಆಮೇಲೆ ರಿಸೀವರಿಗೆ 5 ವೋಲ್ಟ್ ಕೊಡುವಂತೆ ಹೊಂದಿಸಿದ ಎಲ್‌ಎಂ338 ರೆಗ್ಯುಲೇಟರ್. ಹೀಟ್‌ಸಿಂಕ್ ದೊಡ್ಡದಿರಲಿ, ಏಕೆಂದರೆ ಇಳಿಸಿದ ಪ್ರತಿ ವೋಲ್ಟೂ ಶಾಖವಾಗಿ ಹೋಗುತ್ತದೆ, ನಮ್ಮ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುತ್ತದೆ. ಆಂಟೆನಾದ ಆಂಪ್ಲಿಫೈಯರಿಗೆ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಕೊಡಿ. ಅದು ಎಳೆಯುವುದು 50 ಮಿಲಿಆಂಪಿಯರ್ ಆಸುಪಾಸು, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ನಡೆಯುತ್ತದೆ.

ಎರಡನೆಯದು ಚೋಕ್, ಅಂದರೆ ಕೇಬಲಿನ ಹೊರಮೈ ಹಿಡಿದು ಬರುವ ನಾಯ್ಸನ್ನು ತಡೆಯುವ ಸುರುಳಿ. ಆನ್‌ಲೈನ್‌ನಲ್ಲಿ ಸಿಗುವ ಕ್ಲಿಪ್ ಹಾಕುವ ಫೆರೈಟ್ ಗುಂಡುಗಳನ್ನು ಹಿಡಿಗಟ್ಟಲೆ ಪೋಣಿಸುವವರಿದ್ದಾರೆ, 7 ಮೆಗಾಹರ್ಟ್ಸ್‌ನಲ್ಲಿ ಅವುಗಳಿಂದ ಸಿಗುವುದು ಅತ್ಯಲ್ಪ. ತಡೆ ಸುತ್ತುಗಳ ವರ್ಗದಂತೆ ಬೆಳೆಯುತ್ತದೆ. 31 ಎಂಬ ಸಂಖ್ಯೆಯ ಫೆರೈಟ್ ಮಿಶ್ರಣದ ದೊಡ್ಡ ಟೊರಾಯ್ಡ್ (ಉಂಗುರ) ಒಂದರ ಮೇಲೆ ತೆಳು ಕೋಆಕ್ಸನ್ನು ಹತ್ತು ಸುತ್ತು ಸುತ್ತಿದರೆ ಒಂದು ಸುತ್ತಿನ ನೂರರಷ್ಟಕ್ಕೆ ಹತ್ತಿರ ಬರುತ್ತದೆ. ಟೊರಾಯ್ಡ್ ಇಲ್ಲಿ ಸಿಗದು. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಮಿಶ್ರಣದ ಸಂಖ್ಯೆ ಕೇಳಿ ಖಚಿತಪಡಿಸಿಕೊಳ್ಳದೆ ಕೊಳ್ಳಬೇಡಿ, ಬಣ್ಣ ಬಳಿದ ಕಬ್ಬಿಣದ ಪುಡಿಯ ಉಂಗುರ ಈ ಕೆಲಸಕ್ಕೆ ಬಾರದು. ನೆಟ್‌ವರ್ಕ್ ಕೇಬಲಿಗೂ ಇಂಥದೇ ಒಂದು ಚೋಕ್ ಹಾಕಿ. ಕಂಬದ ಬುಡದಲ್ಲಿ ಅರ್ತಿಂಗ್ ಕೊಟ್ಟು, ಚೋಕನ್ನು ಆ ಅರ್ತಿಂಗ್ ಮತ್ತು ಮನೆಯ ನಡುವೆ ಇಡಿ. ಕ್ರಮ ಇದೇ ಇರಬೇಕು.

ಅರ್ತಿಂಗ್ ಎಂದೆನಲ್ಲ, ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಇದರಷ್ಟು ಒಳ್ಳೆಯ ನೆಲ ಬೇರೆಲ್ಲೂ ಇಲ್ಲ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಟ್ಟು ರಾಡಿನಿಂದ ದೂರ ಸರಿಯುತ್ತದೆ, ಮಾರ್ಚಿನಿಂದ ನಾಯ್ಸ್ ಮತ್ತೆ ತಲೆ ಎತ್ತುತ್ತದೆ. ಗುಂಡಿಗೆ ಆಗಾಗ ನೀರು ಹೊಯ್ಯಿರಿ. ಅಂಗಳವೋ ಹೊಲವೋ ಇದ್ದರೆ ಮಿನಿ-ವಿಪ್ ಬಿಟ್ಟೇಬಿಡಿ ಎನ್ನುತ್ತೇನೆ. ಬದಿಗೆ ನಾಲ್ಕೂವರೆ ಮೀಟರಿನಂತೆ ಚೌಕಾಕಾರದಲ್ಲಿ ಇನ್ಸುಲೇಶನ್ ಇರುವ ತಂತಿಯನ್ನು ನೆಲದ ಮೇಲೆಯೇ ಹಾಸಿ, ಚಿಕ್ಕದೊಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರಿನ ಮೂಲಕ ಕೇಬಲ್ ಜೋಡಿಸಿ. ಸಿಗ್ನಲ್ ಬಹಳ ಕಡಿಮೆ ಬರುತ್ತದೆ, ನಾಯ್ಸ್ ಅದಕ್ಕಿಂತ ಕಡಿಮೆ ಬರುತ್ತದೆ.

ಡಾಂಗಲ್ ಸಾಕೇ ಎಂದೂ ಕೇಳಿದ್ದೀರಿ. ಕಲಿಯಲು ಸಾಕು, ಆದರೆ ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ (ಟ್ಯೂನರ್ ಬಿಟ್ಟು ಆಂಟೆನಾದ ಸಿಗ್ನಲ್ಲನ್ನು ನೇರ ಅಂಕೆಗಳಾಗಿಸುವ ವಿಧಾನ) ಅದರ ಗಡಿಯಾರ 28.8 ಮೆಗಾಹರ್ಟ್ಸ್. ಹಾಗಾಗಿ 21.6ರಿಂದ 21.8ರವರೆಗಿನ ವಿದೇಶಿ ಪ್ರಸಾರ ಮಡಿಚಿಕೊಂಡು ನಿಮ್ಮ 7.0–7.2ರ ಮೇಲೆ ಬಂದು ಕೂರುತ್ತದೆ. ಜೊತೆಗೆ ಕಲಬುರಗಿ ಆಕಾಶವಾಣಿಯ 1107 ಕಿಲೋಹರ್ಟ್ಸ್‌ನಂಥ ಹತ್ತಿರದ ಮಧ್ಯಮ ತರಂಗದ ಕೇಂದ್ರವೊಂದೇ ಎಂಟು ಬಿಟ್ಟುಗಳನ್ನು ತುಂಬಿಬಿಡಬಲ್ಲದು. ಎಲ್‌ಎನ್‌ಎಗೆ ಇಟ್ಟ ದುಡ್ಡಿನಲ್ಲಿ ಮಧ್ಯಮ ತರಂಗವನ್ನು ತಡೆಯುವ ಫಿಲ್ಟರೊಂದನ್ನು ತನ್ನಿ.

ಎಲ್‌ಎನ್‌ಎಗೆ ಜಾಗವೇ ಇಲ್ಲ ಎಂದಲ್ಲ. ಬಾಹ್ಯಾಕಾಶ ನಿಲ್ದಾಣದ 145.8 ಮೆಗಾಹರ್ಟ್ಸ್ ಕೇಳುವುದಿದ್ದರೆ ಅಲ್ಲಿ ಬಾಹ್ಯ ನಾಯ್ಸ್ ಬಹಳ ಇಳಿದಿರುತ್ತದೆ, ಆಗ ಆಂಟೆನಾದ ಬುಡದಲ್ಲೇ ಅದನ್ನು ಹಾಕಿ. ನನ್ನದು ಈಗ ಆ ಕೆಲಸಕ್ಕಿದೆ. ಮೇ ತಿಂಗಳ ಗುಡುಗಿಗೆ ಮೊದಲು ಕೇಬಲನ್ನು ಬಿಚ್ಚಿ ಕಿಟಕಿಯ ಹೊರಗೇ ಬಿಡುವುದನ್ನು ರೂಢಿ ಮಾಡಿಕೊಳ್ಳಿ.

ಏನನ್ನೂ ಕೊಳ್ಳುವ ಮೊದಲು 7.1 ಮೆಗಾಹರ್ಟ್ಸ್‌ನಲ್ಲಿ ಮೂರು ಅಳತೆ ತೆಗೆದು ಇಲ್ಲಿ ಬರೆಯಿರಿ: ಆಂಟೆನಾ ಇದ್ದಾಗ, 50 ಓಮ್ ಇದ್ದಾಗ, ಮೇನ್ ಮತ್ತು ಇನ್ವರ್ಟರ್ ಎರಡೂ ಇಳಿಸಿ ಬ್ಯಾಟರಿಯ ಮೇಲೆ ನಡೆಸಿದಾಗ. ಮೊದಲ ಎರಡರ ನಡುವೆ 10 ಡಿಬಿಗಿಂತ ಹೆಚ್ಚು ಅಂತರವಿದ್ದರೆ ಎಲ್‌ಎನ್‌ಎ ಮಾತು ಅಲ್ಲಿಗೆ ಮುಗಿಯಿತು. ಮೂರನೆಯದನ್ನು ನೋಡಿ ಚೋಕ್ ಎಲ್ಲಿ ಹಾಕಬೇಕೆಂದು ಹೇಳುತ್ತೇನೆ.